ಹಿಡಿದು ಬಿಡುವುದು ದಯೆಯೆ?

ಅಮೆರಿಕದ ವಾಯವ್ಯ ಭಾಗದಲ್ಲಿ ಶಾಂತಸಾಗರವನ್ನು ಸೇರುವ ಕೊಲಂಬಿಯಾ ಮೊದಲಾದ ನದಿಗಳನ್ನು ಋತುಕಾಲದಲ್ಲಿ ಏರಿ ಬರುವ ಸಾಲ್ಮನ್ ಮೀನಿನ ಬಾಳನ್ನು ಅರಿತವರಿಗೆ, ಅದನ್ನು ಹಿಡಿಯುವುದು ಬರಿಯ ಆಹಾರದ ಇಲ್ಲವೆ ವಿನೋದದ ವಿಷಯವಾಗಿ ಉಳಿಯಲಾರದು. ಹೊಳೆಯ ಹರಳುಗಳ ನಡುವೆ ಹುಟ್ಟಿ, ಕಡಲಿಗಿಳಿದು, ಅಲ್ಲಿ ಕೆಲವು ವರ್ಷ ಬೆಳೆದ ಈ ಜೀವವು, ಹುಟ್ಟಿದ ನೀರಿನ ವಾಸನೆಯನ್ನೇ ಗುರುತಾಗಿಸಿಕೊಂಡು ಪ್ರವಾಹಕ್ಕೆ ಎದುರಾಗಿ ಮರಳುತ್ತದೆ. ಸಿಹಿನೀರನ್ನು ಹೊಕ್ಕ ಮೇಲೆ ಆಹಾರವನ್ನು ಮುಟ್ಟದೆ, ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ದಾರಿಯನ್ನು ಸವೆಸಿ, ಮೊಟ್ಟೆಯಿಟ್ಟು, ಬೇಗನೆ ಸಾಯುತ್ತದೆ. ಅದರ ಬಂಧುವಾದ ಸ್ಟೀಲ್‌ಹೆಡ್‌ಗೆ ಮಾತ್ರ ಈ ಯಾತ್ರೆಯೇ ಕಡೆಯದೆಂಬ ನಿಯಮವಿಲ್ಲ. ಬದುಕಿ ಉಳಿದುದು ಕಡಲಿಗಿಳಿದು ಇನ್ನೊಮ್ಮೆ ಬರಬಹುದು.

ಭಾಗವತದ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಮೀನನ್ನೂ ಎಣಿಸಿ, ಜಿಹ್ವಾಚಾಪಲ್ಯದಿಂದ ಗಾಳಕ್ಕೆ ಸಿಕ್ಕುವ ಅದರಿಂದ ರಸನೇಂದ್ರಿಯದ ನಿಗ್ರಹವನ್ನು ಕಲಿತನು. ಆ ದೃಷ್ಟಾಂತ ಇಲ್ಲಿ ಸಲ್ಲದು. ಈ ಮೀನು ಗಾಳವನ್ನು ಕಚ್ಚುವುದು ಕೆರಳಿಯೋ ಹಳೆಯ ಅಭ್ಯಾಸಬಲದಿಂದಲೋ ಇರಬಹುದು, ಹಸಿವಿನಿಂದಲ್ಲ. ಅವಧೂತನ ಮೀನಿನಲ್ಲಿ ಲೋಭದ ಪಾಲೊಂದಿತ್ತು. ಉಪವಾಸವಿರುವ ಈ ಮೀನಿನಲ್ಲಿ ಅದೂ ಇಲ್ಲದಿರುವುದರಿಂದ, ಕೃತ್ಯದ ಹೊಣೆಯೆಲ್ಲ ದಡದಲ್ಲಿರುವವನ ಮೇಲೆಯೇ ಬೀಳುತ್ತದೆ.

ಚಳಿಗಾಲದ ಕೊರೆಯುವ ನೀರಿನಲ್ಲಿ ಸೊಂಟಮಟ್ಟ ನಿಂತು ಸ್ಟೀಲ್‌ಹೆಡ್‌ಗಾಗಿ ದಿನವಿಡೀ ಗಾಳವೆಸೆಯುವ ಹವ್ಯಾಸಿಗಳು ಕ್ರೂರಿಗಳಲ್ಲ. ಮೀನು ಸಿಕ್ಕೊಡನೆ ಅವರು ಅದರ ಬೆನ್ನಿನ ಮೇಲೆ, ಬಾಲಕ್ಕೆ ತುಸು ಮುಂದಿರುವ ಪುಟ್ಟ ರೆಕ್ಕೆಯನ್ನು ನೋಡುತ್ತಾರೆ. ಅದನ್ನು ಕತ್ತರಿಸಿದ್ದರೆ ಮೀನು ಮರಿಸಾಕಣೆಯ ಕೇಂದ್ರದಲ್ಲಿ ಹುಟ್ಟಿದುದು, ಮನೆಗೊಯ್ಯಬಹುದು. ಇಡಿಯಾಗಿದ್ದರೆ ಹೊಳೆಯಲ್ಲೇ ಹುಟ್ಟಿದುದು, ಬಿಡತಕ್ಕದ್ದೆಂಬುದು ಅಲ್ಲಿನ ಅನೇಕ ಹೊಳೆಗಳ ಕಟ್ಟಳೆ. ಆಗ ಕೈಯನ್ನು ಒದ್ದೆಮಾಡಿಕೊಂಡು, ಹಿಮ್ಮುಳ್ಳಿಲ್ಲದ ಗಾಳವನ್ನು ಮೆಲ್ಲನೆ ಬಿಡಿಸಿ, ಮೀನಿನ ತಲೆಯನ್ನು ಪ್ರವಾಹದೆದುರು ತಿರುಗಿಸಿ, ಕಿವಿರುಗಳು ಸಮವಾಗಿ ತೆರೆದು ಮುಚ್ಚುವವರೆಗೆ ಬಾಲದ ಬುಡವನ್ನು ಹಿಡಿದಿದ್ದು, ಬಲ ಬಂದ ಮೇಲೆ ಬಿಡುತ್ತಾರೆ. ಕಟ್ಟಳೆ ವಿವೇಕದ್ದು, ಸಂತತಿ ಉಳಿಯಲು ಅದು ಬೇಕೇ ಬೇಕು. ಆದರೆ ಇದನ್ನು ದಯೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಬಿಟ್ಟವುಗಳಲ್ಲಿ ಕೆಲವು ಬಳಿಕ ಸಾಯುವುದುಂಟು, ನೀರು ಬೆಚ್ಚಗಾದಷ್ಟೂ ಆ ಅಪಾಯ ಹೆಚ್ಚು. ಸಾಯದಿದ್ದರೂ, ಯಾತ್ರೆಗೆಂದು ಉಳಿಸಿಕೊಂಡಿದ್ದ ಶಕ್ತಿಯ ಒಂದು ಪಾಲು ನಮ್ಮ ರೋಮಾಂಚಕ್ಕಾಗಿ ವ್ಯಯವಾಯಿತಷ್ಟೆ. ನಾವೇ ತಂದೊಡ್ಡಿದ ಸಂಕಟವನ್ನು ನಾವೇ ನಿಲ್ಲಿಸಿದರೆ ಅದು ಕರುಣೆಯ ಲೆಕ್ಕಕ್ಕೆ ಸೇರದು.

ಕೊಲಂಬಿಯಾ ತೀರದ ಮೂಲನಿವಾಸಿಗಳ ರೀತಿ ಬೇರೆ. ಸೆಲೈಲೊ ಜಲಪಾತದ ಬಂಡೆಗಳಿಂದ ಚಾಚಿದ ಮರದ ಅಟ್ಟಗಳ ಮೇಲೆ ನಿಂತು, ಉದ್ದ ಹಿಡಿಯ ಬಲೆಗಳಿಂದ ಅವರು ತಲೆತಲಾಂತರದಿಂದ ಮೀನು ಹಿಡಿದರು, ಕೊಂದರು, ಒಣಗಿಸಿಟ್ಟು ಉಂಡರು. ಆದರೆ ವಸಂತದ ಮೊದಲ ಮೀನನ್ನು ಸಮುದಾಯವೆಲ್ಲ ಕಲೆತು, ಮೊದಲು ಒಂದು ಗುಟುಕು ನೀರು ಕುಡಿದು, ಪ್ರಾರ್ಥನೆಯೊಡನೆ ಹಂಚಿಕೊಳ್ಳುವವರೆಗೆ ತಂತಮ್ಮ ಮನೆಗೆಂದು ಯಾರೂ ಹಿಡಿಯಲಾಗದೆಂಬುದು ಅವರ ಸಂಪ್ರದಾಯ. ಕಡಲತಡಿಯ ಕೆಲವು ಕುಲಗಳಲ್ಲಿ ಆ ಮೀನಿನ ಎಲುಬುಗಳನ್ನು ಭಕ್ತಿಯಿಂದ ನೀರಿಗೇ ಒಪ್ಪಿಸುವ ಆಚಾರವೂ ಉಂಟು. ಎರಡೂ ಹಿಂಸೆಯೇ ಎಂದು ಜೈನಮುನಿಯೊಬ್ಬರು ನುಡಿದರೆ ನಾನು ಪ್ರತಿವಾದಿಸಲಾರೆ. ಆದರೆ ಹಿಂಸೆಯೊಳಗೂ ತಾರತಮ್ಯವಿದೆ. ಕೊಂದುಣ್ಣುವವನು ತನ್ನನ್ನು ಋಣಿಯೆಂದು ಬಗೆದು, ಆ ಋಣಕ್ಕೆ ತಕ್ಕಂತೆ ತನ್ನ ಕೈಯನ್ನು ತಡೆದುಕೊಳ್ಳುತ್ತಾನೆ; ಹಿಡಿದು ಬಿಡುವವನಾದರೋ ಋಣವೇ ಇಲ್ಲವೆಂದು ನಂಬಿ, ಮರುಗಳಿಗೆಯಲ್ಲೇ ಮತ್ತೆ ಗಾಳವೆಸೆಯುತ್ತಾನೆ. ಧರ್ಮಕ್ಕೆ ಹತ್ತಿರವಿರುವವನು ಮೊದಲನೆಯವನೆಂದೇ ನನ್ನ ನಿಶ್ಚಯ.

1855ರ ಒಪ್ಪಂದಗಳಲ್ಲಿ ವಿಶಾಲವಾದ ನೆಲವನ್ನು ಬಿಟ್ಟುಕೊಟ್ಟಾಗಲೂ ಆ ಜನ ವಾಡಿಕೆಯ ತಾಣಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಬಿಟ್ಟುಕೊಡಲಿಲ್ಲ. 1957ರ ಮಾರ್ಚ್ 10ರಂದು ಡ್ಯಾಲ್ಸ್ ಅಣೆಕಟ್ಟಿನ ಬಾಗಿಲುಗಳನ್ನು ಮುಚ್ಚಿದಾಗ, ಕೆಲವೇ ಗಂಟೆಗಳಲ್ಲಿ ಸೆಲೈಲೊ ಜಲಪಾತವು ಹಿನ್ನೀರಿನಲ್ಲಿ ಮುಳುಗಿಹೋಯಿತು. ಜಲಪಾತ ಹೋದ ಮೇಲೂ ಸೆಲೈಲೊ ಗ್ರಾಮದವರು ಮೊದಲ ಸಾಲ್ಮನ್ನಿನ ಆ ವಸಂತದ ಊಟವನ್ನು ಕೈಬಿಟ್ಟಿಲ್ಲ.