ಚಿಂತೆ ಪಾಪವೇ?

ಗಲ್ಫ್‌ನಲ್ಲಿರುವ ಮಗ ನಾಲ್ಕು ದಿನ ಫೋನು ಮಾಡದಿದ್ದರೆ ತಾಯಿಗೆ ನಿದ್ದೆ ಬರುವುದಿಲ್ಲ. ಅಂಥವಳಿಗೆ ಯಾರಾದರೂ, "ಚಿಂತೆ ಮಾಡುವುದು ವಿಶ್ವಾಸದ ಕೊರತೆಯಮ್ಮಾ, ಯೇಸುಸ್ವಾಮಿಯೇ ಬೇಡವೆಂದಿದ್ದಾರೆ" ಎಂದುಬಿಟ್ಟರೆ ಅವಳ ಗತಿಯೇನು? ಇದ್ದ ಚಿಂತೆಯ ಜೊತೆಗೆ ತಾನು ಪಾಪ ಮಾಡುತ್ತಿದ್ದೇನೆಂಬ ಚಿಂತೆಯೂ ಸೇರಿಕೊಳ್ಳುತ್ತದೆ.

ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಎಂದು ಹಿರಿಯರು ಹೇಳುವುದುಂಟು. ಸೊಗಸಾದ ಮಾತೇ. ಆದರೆ 'ಚಿಂತೆ' ಮತ್ತು 'ಚಿಂತನೆ' ಒಂದೇ ಸಂಸ್ಕೃತ ಧಾತುವಿನ ಮಕ್ಕಳು ಎಂಬುದನ್ನು ಅದು ಮರೆಸಿಬಿಡುತ್ತದೆ.

ನಮ್ಮ ಮಾತಿನ ರೀತಿಯನ್ನು ಗಮನಿಸಿ. "ನನಗೆ ಚಿಂತೆಯಾಗಿದೆ" ಎನ್ನುತ್ತೇವೆ; "ಚಿಂತೆ ಮಾಡುತ್ತಿದ್ದೇನೆ" ಎಂದೂ ಎನ್ನುತ್ತೇವೆ. ಮೊದಲನೆಯದು ಹಸಿವಿನಂತೆ, ಜ್ವರದಂತೆ ನಮಗೆ ಬರುವಂಥದ್ದು. ಎರಡನೆಯದು ನಾವಾಗಿ ಮಾಡುವಂಥದ್ದು. ಸಂತ ಥಾಮಸ್ ಅಕ್ವಿನಾಸರ ಬೋಧನೆಯೂ ಇದಕ್ಕೆ ಹತ್ತಿರದ್ದೇ: ಮನಸ್ಸಿನಲ್ಲಿ ಏಳುವ ಭಾವ ಅಷ್ಟಕ್ಕೇ ಪುಣ್ಯವೂ ಅಲ್ಲ, ಪಾಪವೂ ಅಲ್ಲ, ನಮ್ಮ ವಿವೇಕ ಮತ್ತು ಇಚ್ಛೆ ಅದರೊಡನೆ ಹೇಗೆ ನಡೆದುಕೊಳ್ಳುತ್ತವೆ ಎಂಬುದರಿಂದ ಒಳಿತು ಕೆಡುಕು ತೀರ್ಮಾನವಾಗುತ್ತದೆ.

ಹಾಗಾದರೆ ಶುಭಸಂದೇಶದ ಮಾತು? ಮತ್ತಾಯ 6ನೇ ಅಧ್ಯಾಯದಲ್ಲಿ, ಊಟ ಉಡುಪಿಗಾಗಿ ಚಿಂತಿಸಬೇಡಿರೆನ್ನುವಲ್ಲಿ, ಗ್ರೀಕ್ ಮೂಲದಲ್ಲಿರುವುದು 'ಮೆರಿಮ್ನಾವೋ' ಎಂಬ ಕ್ರಿಯಾಪದ. ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಅದೇ ಪದ ಬಳಸಿ, ಯಾವುದಕ್ಕೂ ಚಿಂತೆ ಬೇಡ ಎನ್ನುತ್ತಾರೆ. ಆದರೆ ಅದೇ ಪತ್ರದ 2ನೇ ಅಧ್ಯಾಯದಲ್ಲಿ ತಿಮೊಥೇಯನನ್ನು ಮೆಚ್ಚುವಾಗಲೂ ಅದೇ ಪದ! ನಿಮಗಾಗಿ ಇವನಷ್ಟು ಚಿಂತಿಸುವವರು ನನ್ನ ಬಳಿ ಬೇರೆ ಯಾರೂ ಇಲ್ಲ ಎಂಬುದು ಅಲ್ಲಿನ ಭಾವ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಂತೂ ದೇಹದ ಅಂಗಗಳು ಒಂದಕ್ಕೊಂದು ಹೀಗೆಯೇ ಚಿಂತಿಸಬೇಕೆಂದು ಬಯಸುತ್ತಾರೆ. ಮಗನಿಗಾಗಿ ಜಪಸರ ಹಿಡಿದು ಕುಳಿತ ತಾಯಿಯನ್ನು ನೀವು ಯಾವ ಸಾಲಿಗೆ ಸೇರಿಸುತ್ತೀರಿ? ನಾನು ತಿಮೊಥೇಯನ ಪಕ್ಕದಲ್ಲೇ ಕೂರಿಸುತ್ತೇನೆ.

ಮತ್ತೆ ಬೇಡವೆಂದದ್ದು ಯಾವುದು? ಇಲ್ಲಿಯೂ ಥಾಮಸರು ಹಳ್ಳಿಯವರಿಗೆ ತಿಳಿಯುವಂತೆ ಹೇಳುತ್ತಾರೆ: ಪ್ರತಿಯೊಂದು ಕಾಲಕ್ಕೂ ಅದರದೇ ಚಿಂತೆಯಿದೆ. ಅವರ ಸೀಮೆಯಲ್ಲಿ ಬೇಸಿಗೆಗೆ ಪೈರಿನ ಕೊಯ್ಲು, ಅದು ಕಳೆದ ಮೇಲೆ ದ್ರಾಕ್ಷಿ ಕೊಯ್ಲು. ಬೇಸಿಗೆಯಲ್ಲೇ ದ್ರಾಕ್ಷಿಯ ಚಿಂತೆಯನ್ನು ತಲೆಗೆ ಹಚ್ಚಿಕೊಂಡವನು ಕಾಲಕ್ಕೆ ಮೊದಲೇ ಹೊರೆ ಹೊತ್ತಂತೆ. ಇನ್ನೂ ಅಂಗನವಾಡಿಗೆ ಹೋಗುವ ಮಗುವಿನ ಇಂಜಿನಿಯರಿಂಗ್ ಸೀಟಿಗಾಗಿ ಈಗಲೇ ನಿದ್ದೆಗೆಡುತ್ತಿರುವ ತಂದೆತಾಯಂದಿರು ಈ ಸಾಲುಗಳನ್ನು ಇನ್ನೊಮ್ಮೆ ಓದಿಕೊಳ್ಳಲಿ.