ಬೀದಿಯ ಒಲೆಗೆ ನ್ಯಾಯವಾದ ಸುಂಕ

ರಸ್ತೆಯು ಯಾರದು ಎಂದು ಕೇಳಿದರೆ ಎಲ್ಲರದು ಎಂಬ ಉತ್ತರವು ಸುಲಭವಾಗಿ ಬರುತ್ತದೆ. ಎಲ್ಲರದಾದ ಆ ನೆಲದಲ್ಲಿ ಒಬ್ಬನು ಬಂಡಿಯಷ್ಟು ಸ್ಥಳವನ್ನು ಹಿಡಿದು, ಒಲೆ ಹೂಡಿ, ಹೆಂಡಿರು ಮಕ್ಕಳನ್ನು ಸಾಕಿದರೆ ಅದು ಕಾಯಕವೋ, ಅತಿಕ್ರಮಣವೋ? ಇದಕ್ಕೆ ಉತ್ತರವು ಅಷ್ಟು ಸುಲಭವಲ್ಲ. ರಾಯಚೂರಿನ ಪೇಟೆಯಲ್ಲಿ, ಮಾನ್ವಿ ದೇವದುರ್ಗಗಳ ಬಸ್ ನಿಲ್ದಾಣಗಳ ಬಳಿಯಲ್ಲಿ ಸಂಜೆಯಾದೊಡನೆ ಮಿರ್ಚಿಗೆ ಎಣ್ಣೆ ಕಾಯುತ್ತದೆ, ಮಂಡಾಳಿಗೆ ಒಗ್ಗರಣೆ ಬೀಳುತ್ತದೆ. ಹಳ್ಳಿಯಿಂದ ಬಂದ ಕೂಲಿಕಾರನ ಹಸಿವು ಅಲ್ಲಿಯೇ ಹಿಂಗುವುದು. ಈಗ ತಳ್ಳುಬಂಡಿಗಳ ಜೊತೆಗೆ ಮೋಟಾರು ವಾಹನದೊಳಗೇ ಅಡಿಗೆ ಮಾಡುವ ಸಂಚಾರಿ ಕ್ಯಾಂಟೀನುಗಳೂ ಊರೂರಲ್ಲಿ ಕಾಣಿಸಿಕೊಂಡಿವೆ. ಇವುಗಳಿಗೆ ಕಟ್ಟಳೆ ಯಾವುದು, ಶುಲ್ಕವೆಷ್ಟು ಎಂಬುದು ಪಾಲಿಕೆ ಪುರಸಭೆಗಳ ಲೆಕ್ಕದ ಮಾತಷ್ಟೇ ಅಲ್ಲ, ಧರ್ಮವಿಚಾರವೂ ಆಗಿದೆ.

ಬೀದಿಯಲ್ಲಿ ವ್ಯಾಪಾರ ಮಾಡುವುದು ಯುಕ್ತವಾದ ನಿರ್ಬಂಧಗಳಿಗೆ ಒಳಪಟ್ಟ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಕಾಯಿದೆಯನ್ನು ಮಾಡಿತು. ಅದರಂತೆ ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಸ್ತ್ರೀಯರು. ಸಮೀಕ್ಷೆ ಮುಗಿದು ಪ್ರಮಾಣಪತ್ರಗಳನ್ನು ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದು. ಅನಂತರವೂ ಎಬ್ಬಿಸಬೇಕಾದರೆ 30 ದಿನಗಳ ಸೂಚನೆ ಅಗತ್ಯ. ಆದುದರಿಂದ ಶುಲ್ಕವನ್ನು ಗೊತ್ತುಪಡಿಸುವಾಗ ತೆರುವವನ ಮಾತಿಗೂ ಆಸನವಿದೆ. ಆ ಆಸನವು ಬರಿದಾಗಿರುವ ಸಭೆಯಲ್ಲಿ ಶುಲ್ಕವನ್ನು ಏರಿಸಿದರೆ ಅದು ಕೇವಲ ಬಲದ ವಸೂಲಿಯಾಗುವುದು.

ಹಾಗೆಂದು ಸುಂಕವೇ ಅಧರ್ಮವೆನ್ನಲಾಗದು. 12ನೆಯ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣನೂ ಒಬ್ಬನು. ಹೆಸರೇ ಸಾರುವಂತೆ ಸುಂಕ ವಸೂಲಿಯು ಅವನ ಕಾಯಕ. ಶರಣರ ಗಣದಲ್ಲಿ ಸುಂಕದವನಿಗೂ ಸ್ಥಾನ ದೊರೆತುದು ಗಮನಾರ್ಹ. ಕೊಳ್ಳುವುದು ದೋಷವಲ್ಲ, ಕೊಂಡುದು ಎಲ್ಲಿ ಸೇರಿತೆಂಬುದು ವಿಚಾರಣೀಯ. ಬಂಡಿಯವನು ತೆತ್ತ ಹಣವು ನೀರಾಗಿ, ಬೆಳಕಾಗಿ, ಕಸದ ತೊಟ್ಟಿಯಾಗಿ ಅವನ ಬಂಡಿಯ ಬಳಿಗೆ ಹಿಂದಿರುಗಿದರೆ ಅದು ಧರ್ಮದ ಸುಂಕ. ರಸೀದಿಯಿಲ್ಲದೆ ಯಾರದೋ ಜೇಬು ಸೇರಿದರೆ ಹತ್ತು ರೂಪಾಯಿಯಾದರೂ ಅದು ಕಳವು.

ಆಹಾರ ಸುರಕ್ಷತೆಯ 2011ರ ನಿಯಮಗಳು ಸಣ್ಣ ಆಹಾರ ವ್ಯಾಪಾರಿಯ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕವನ್ನು ಗೊತ್ತುಪಡಿಸಿದವು. ಅದು ಭಾರವಾದುದಲ್ಲ. ನಾಳೆ ಈ ಸ್ಥಳವು ಉಳಿಯುವುದೋ ಇಲ್ಲವೋ ಎಂಬ ಭಯವೇ ನಿಜವಾದ ಭಾರ. ಆ ಭಯದಿಂದಲೇ ಮಾಮೂಲು ಹುಟ್ಟುತ್ತದೆ. ಸ್ಥಳವನ್ನು ಬರಹದಲ್ಲಿ ನಿಶ್ಚಯಿಸಿದರೆ ಅದರ ಬೇರು ಒಣಗುವುದು. ತಲೆಯ ಮೇಲೆ ಬುಟ್ಟಿ ಹೊತ್ತವಳಿಗೂ ಲಕ್ಷಗಟ್ಟಲೆ ಬಂಡವಾಳದ ವಾಹನಕ್ಕೂ ಒಂದೇ ಶುಲ್ಕ ವಿಧಿಸುವುದು ಸಮತೆಯಂತೆ ತೋರಿದರೂ ಸಮತೆಯಲ್ಲ. ಹಿಡಿದ ಸ್ಥಳಕ್ಕೆ ತಕ್ಕಂತೆ ತೆರಿಗೆಯಿರುವುದೇ ನ್ಯಾಯ.

ಬಂಡಿಯವನಿಗೂ ಧರ್ಮವುಂಟು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು, ಎಂಜಲು ನೀರನ್ನು ಕಾಲುದಾರಿಗೆ ಚೆಲ್ಲುವುದು, ಮುದುಕರು ನಡೆಯುವ ಹಾದಿಗೆ ಅಡ್ಡಲಾಗಿ ಬಂಡಿ ನಿಲ್ಲಿಸುವುದು ಕಾಯಕಕ್ಕೆ ಕಳಂಕ. ಆದರೆ ಶುದ್ಧಿಯನ್ನು ಕೇಳುವವರು ಶುದ್ಧ ನೀರನ್ನು ಮೊದಲು ಕೊಡಬೇಕಲ್ಲವೆ? 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತವಾದ ನಲ್ಲಿಯ ನೀರಿನಿಂದ ಅನೇಕರು ಕಾಯಿಲೆ ಬಿದ್ದರು, ಸಾವುಗಳೂ ಸಂಭವಿಸಿದವು. ಮನೆಯ ನಲ್ಲಿಯೇ ಕೆಟ್ಟಾಗ ಬಂಡಿಯ ಕೊಡವು ಹೇಗೆ ಶುದ್ಧವಾಗಿದ್ದೀತು?

ಇನ್ನು ಗೃಹಸ್ಥರು ತಮ್ಮೊಳಗೆ ಕೇಳಿಕೊಳ್ಳಬೇಕಾದ ಮಾತೊಂದಿದೆ. ತನ್ನ ಅಂಗಡಿಯ ಮುಂದೆ ನಿಂತ ಬಂಡಿಯವನಿಂದ ಅಂಗಡಿಕಾರನು ದಿನದಿನವೂ ಬಾಡಿಗೆ ಪಡೆಯುವುದು ಅನೇಕ ಊರುಗಳಲ್ಲಿ ಕಾಣುವ ಸಂಗತಿ. ಆ ನೆಲವು ಊರಿನದು. ತನ್ನದಲ್ಲದ ನೆಲಕ್ಕೆ ಬಾಡಿಗೆ ಎತ್ತಿ, ಸೋಮವಾರ ದಾಸೋಹಕ್ಕೆ ಅಕ್ಕಿ ಕಳುಹಿಸಿದರೆ ಆ ಅಕ್ಕಿಯು ಶುದ್ಧವೆ? ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದವರಿಲ್ಲ. ಮಾರಯ್ಯನು ಒಂದು ದಿನ ಅಳತೆಗೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನು ಹೇಳಿದಳು. ನೆಲದಲ್ಲಿ ಚೆಲ್ಲಿದ ಅಕ್ಕಿಗೇ ಅಳತೆಯಿದ್ದ ಮೇಲೆ, ಊರಿನ ನೆಲದಿಂದ ಎತ್ತುವ ಹಣಕ್ಕೆ ಅಳತೆ ಬೇಡವೆ?

ಪುರಸಭೆಯು ಕಟ್ಟಳೆ ಬರೆಯಲಿ, ಬಂಡಿಯವನು ಸುಂಕ ತೆರಲಿ, ಅಂಗಡಿಕಾರನು ಕೈ ಹಿಂದೆಗೆಯಲಿ. ಬೀದಿಯಲ್ಲಿ ಉಣ್ಣುವವನ ತುತ್ತು ಯಾರ ಕಣ್ಣೀರಿನಿಂದಲೂ ಉಪ್ಪಾಗದಿರಲಿ.