ಹೋಗಿ ಎಂದ ಮೇಲೆ

2021ರ ಆಗಸ್ಟ್ 15. ಬೆಳಿಗ್ಗೆ ನಮ್ಮ ಬೀದಿಯ ಶಾಲೆಯಲ್ಲಿ ಬಾವುಟ ಹಾರಿಸಿ ಬಂದಿದ್ದೆವು. ರಾತ್ರಿ ಅನ್ನಕ್ಕಿಟ್ಟು ಟೀವಿ ಹಾಕಿದರೆ, ಕಾಬೂಲ್ ನಗರ ತಾಲಿಬಾನಿನ ಕೈಸೇರಿದ ಸುದ್ದಿ. ಇಪ್ಪತ್ತು ವರ್ಷ ಅಲ್ಲಿದ್ದ ಅಮೆರಿಕದ ಸೈನ್ಯ ಗಂಟುಮೂಟೆ ಕಟ್ಟುತ್ತಿತ್ತು. ಅದು ಹೊರಡಲಿ ಎಂದು ವಾದಿಸುತ್ತ ಬಂದವಳು ನಾನು. ಆದರೂ ಅನ್ನ ತಳ ಹಿಡಿದದ್ದು ವಾಸನೆ ಬರುವವರೆಗೂ ತಿಳಿಯಲಿಲ್ಲ.

ನಮ್ಮದೊಂದು ಓದಿನ ಬಳಗವಿದೆ. ಹತ್ತು ಹನ್ನೆರಡು ಹೆಂಗಸರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಅಕ್ಕ ಒಬ್ಬರಿದ್ದಾರೆ. ವರದಕ್ಷಿಣೆ ವಿರುದ್ಧ ನಾನೂ ಅವರೂ ಒಂದೇ ಮೆರವಣಿಗೆಯಲ್ಲಿ ನಡೆದವರು. ಈ ಯುದ್ಧದ ವಿಷಯದಲ್ಲಿ ಮಾತ್ರ ಹಾವು ಮುಂಗುಸಿ.

ಅಮೆರಿಕದ ಪ್ರಗತಿಪರರಲ್ಲೂ ಹೀಗೇ ಆಗಿತ್ತು. 2001ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರಿಗೆ ಯುದ್ಧದ ಅಧಿಕಾರ ಕೊಡಲು ಪ್ರತಿನಿಧಿ ಸಭೆಯಲ್ಲಿ 420 ಮತ ಬಿದ್ದವು. ವಿರುದ್ಧ ಬಿದ್ದದ್ದು ಒಂದೇ, ಬಾರ್ಬರಾ ಲೀ ಅವರದು. ನವೆಂಬರಿನಲ್ಲಿ ಅಧ್ಯಕ್ಷರ ಪತ್ನಿ ಲಾರಾ ಬುಷ್ ರೇಡಿಯೋದಲ್ಲಿ, ಇದು ಹೆಂಗಸರ ಹಕ್ಕಿನ ಹೋರಾಟವೂ ಹೌದು ಎಂದರು. ಮುಂದೆ ಸೈನ್ಯ ವಾಪಸಾಗಲಿ ಎಂದವರು ಒಂದು ಕಡೆ. ಹೋದರೆ ಆ ಹುಡುಗಿಯರ ಗತಿಯೇನು ಎಂದವರು ಇನ್ನೊಂದು ಕಡೆ. ಎರಡೂ ಕಡೆ ಸ್ತ್ರೀವಾದಿಗಳಿದ್ದರು.

2010ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಮೂಗು ಕೊಯ್ಸಿಕೊಂಡ ಹುಡುಗಿಯ ಚಿತ್ರ ಬಂತು. ನಾವು ಹೊರಟರೆ ಹೀಗಾಗುತ್ತದೆ ಎಂಬರ್ಥದ ಮಾತು ಪಕ್ಕದಲ್ಲಿ. ಅಕ್ಕ ಅದನ್ನು ನನ್ನ ಮುಂದೆ ಹಿಡಿದರು.

"ಇವಳಿಗೆ ಹೀಗಾದಾಗ ಸೈನ್ಯ ಅಲ್ಲೇ ಇತ್ತಲ್ಲಕ್ಕ" ಎಂದೆ. 2008ರ ಜುಲೈನಲ್ಲಿ ನಂಗರಹಾರ್ ಪ್ರಾಂತ್ಯದ ಮದುವೆ ದಿಬ್ಬಣವೊಂದರ ಮೇಲೆ ಅಮೆರಿಕದ ವಿಮಾನ ಬಾಂಬು ಹಾಕಿದ್ದನ್ನೂ ಹೇಳಿದೆ. ಅಫ್ಘನ್ ಸರ್ಕಾರದ ತನಿಖೆಯಂತೆ ಸತ್ತವರು 47 ಮಂದಿ, ಅದರಲ್ಲಿ ಹೆಂಗಸರು ಮಕ್ಕಳೇ 39. ಮದುವಣಗಿತ್ತಿಯೂ ಸತ್ತಳು. ಅಲ್ಲಿನ ಸಂಸತ್ತಿಗೆ ಆರಿಸಿ ಬಂದ ಮಲಾಲಯ್ ಜೋಯಾ ತಾಲಿಬಾನನ್ನೂ ಬೈದು, ವಿದೇಶಿ ಸೈನ್ಯವೂ ತೊಲಗಲಿ ಎಂದಿದ್ದರು. ಅವರಿಗಿಂತ ನಮಗೆ ಹೆಚ್ಚು ಗೊತ್ತೇ?

"ಎಲ್ಲಾ ಸರಿ ಕಣೇ. ನಾಳೆ ಶಾಲೆ ಮುಚ್ಚಿದರೆ ನಿನ್ನ ತತ್ವ ಹೋಗಿ ಬಾಗಿಲು ತೆಗೆಸುತ್ತದಾ?" ಎಂದರು ಅಕ್ಕ.

ಈ ಪ್ರಶ್ನೆಗೆ ನಾನು ಚೌಕಾಸಿ ಮಾಡಿದೆನೇ ಹೊರತು ಉತ್ತರ ಕೊಡಲಿಲ್ಲ. ಇರಬೇಕೋ ಹೋಗಬೇಕೋ ಎಂಬುದರಲ್ಲೇ ನಾವು ಕಾದಾಡಿದೆವು. ಹೋಗುವುದು ಹೇಗೆ ಎಂದು ಇಬ್ಬರೂ ಕೇಳಲಿಲ್ಲ. 2020ರ ಫೆಬ್ರವರಿ 29ರಂದು ದೋಹಾದಲ್ಲಿ ಅಮೆರಿಕವೂ ತಾಲಿಬಾನೂ ಒಪ್ಪಂದಕ್ಕೆ ರುಜು ಹಾಕಿದವು. ಅಫ್ಘನ್ ಸರ್ಕಾರಕ್ಕೇ ಅಲ್ಲಿ ಜಾಗವಿರಲಿಲ್ಲ. ಹೆಂಗಸರ ಹಕ್ಕಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಆ ದಿನ ನಾನು ಖುಷಿಪಟ್ಟಿದ್ದೆ. ಅದನ್ನು ಈಗ ಮುಚ್ಚಿಟ್ಟು ಫಲವಿಲ್ಲ.

ಹಳೆಯದೊಂದು ನೆನಪು ಚುಚ್ಚುತ್ತದೆ. ಹಿಂದಿನ ಓಣಿಯಲ್ಲಿ ಒಬ್ಬ ಹೆಂಡತಿಗೆ ಬಡಿಯುತ್ತಿದ್ದ. ನಾವು ಐದಾರು ಜನ ಹೋಗಿ ಗದರಿಸಿ ಬಂದೆವು. ನಾವು ಹೋಗುತ್ತಿದ್ದಷ್ಟು ದಿನ ಸುಮ್ಮನಿದ್ದ. ಹೆಂಗಸರು ಸಂಸಾರಕ್ಕೆ ಕೈಹಾಕುತ್ತಾರೆಂದು ಊರವರು ಆಡಿಕೊಂಡರು, ನಮಗೂ ಅಡಿಗೆ, ಮಕ್ಕಳ ಪರೀಕ್ಷೆ, ಹೋಗುವುದು ನಿಂತಿತು. ಇನ್ನೊಬ್ಬರ ಮನೆಯಲ್ಲಿ ಎಷ್ಟು ದಿನ ಕಾವಲು ಕೂರುವುದು ಎಂದವಳು ನಾನೇ. ಆ ಮಾತು ಸುಳ್ಳಲ್ಲ. ಆದರೆ ಆಮೇಲೆ ಒಂದು ದಿನವೂ ನಾನು ಆ ಬಾಗಿಲು ತಟ್ಟಲಿಲ್ಲ. ಅವರು ಮನೆ ಬಿಟ್ಟು ಹೋದದ್ದೂ ಹಾಲಿನವನಿಂದ ತಿಳಿಯಿತು.

ನಾವು ಬಂದೂಕು ಹಿಡಿದು ಹೋಗಿರಲಿಲ್ಲ, ಅವಳ ಸೂರಿನ ಮೇಲೆ ಬಾಂಬು ಹಾಕಿರಲಿಲ್ಲ. ಹೋಲಿಕೆ ಅಷ್ಟಕ್ಕೆ ನಿಲ್ಲುತ್ತದೆ. ಸೈನ್ಯ ಹೊರಡಬೇಕಿತ್ತು ಎಂದೇ ನಾನು ಈಗಲೂ ಅನ್ನುತ್ತೇನೆ. ಮೊದಲಿನಷ್ಟು ದನಿ ಏರಿಸಿ ಅನ್ನುವುದಿಲ್ಲ.

2021ರ ಸೆಪ್ಟೆಂಬರಿನಲ್ಲಿ ಗಂಡುಹುಡುಗರಿಗೆ ಹೈಸ್ಕೂಲು ತೆರೆಯಿತು, ಹುಡುಗಿಯರಿಗೆ ತೆರೆಯಲಿಲ್ಲ. 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಹಾಕಿತು. ಅದರ ಮಾರನೆಯ ಬೆಳಿಗ್ಗೆ ಅಕ್ಕನ ಫೋನು ಬಂತು. ನಾನು ಹೇಳಿರಲಿಲ್ಲವೇ ಎನ್ನುತ್ತಾರೆಂದು ಕಾದೆ.

"ಪೇಪರ್ ನೋಡಿದೆಯಾ?" ಎಂದರು.

"ನೋಡಿದೆ ಅಕ್ಕಾ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. "ಆ ಹಿಂದಿನ ಓಣಿಯವಳು ಈಗ ಎಲ್ಲಿದ್ದಾಳೋ, ವಿಚಾರಿಸೋಣವಾ?" ಎಂದೆ. ಹಾಲಿನವನನ್ನು ಕೇಳು ಎಂದರು.